ಪಿಕಪ್‌ನಾಗ 12 ಇಂಚಿನ ಸಬ್‌ವೂಫರ್ ಬ್ಯಾಡ್ರಿ

ಅಣ್ಣಾರ, ಸಿಂಗಲ್ ಕ್ಯಾಬಿನ್ ಪಿಕಪ್‌ನಾಗ ಸೀಟಿನ ಹಿಂದ 12 ಇಂಚಿನ ಸಬ್‌ವೂಫರ್ (ಬಾಸ್ ಬಡಿಯೋ ದೊಡ್ಡ ಸ್ಪೀಕರ್) ಕುಂದ್ರತೈತೇನು, ಬಾಸ್ ಬಡದಾಗೊಮ್ಮೆ ಹೆಡ್‌ಲೈಟ್ ಯಾಕ ಮಂಕಾಗತಾವು ಅಂತ ಕೇಳೀರಿ.

12 ಇಂಚು ಮರತಬಿಡ್ರಿ. ಅದರ ಡಬ್ಬಿ ಇಟ್ರ ಸೀಟು ಮುಂದ ಸರದು ಸ್ಟೇರಿಂಗ್ ಎದಿಗೆ ಹತ್ತತೈತಿ. ಕ್ಯಾಬಿನ್ನೇ ಸಣ್ಣದು, ಸೀಟಿನ ಕೆಳಗ ಹೋಗೋ 8 ಇಂಚಿನ ಆ್ಯಕ್ಟಿವ್ ಸಬ್ (ಆಂಪ್ಲಿಫೈಯರ್, ಅಂದ್ರ ಆಂಪ್, ಒಳಗ ಇರೋದು) ಸಾಕು. ಹಿಂದ ಮಾಲು ಹೇರೋ ಜಾಗಾದಾಗ ಇಡ್ತೀನಿ ಅನ್ನಬ್ಯಾಡ್ರಿ. ಬ್ಯಾಡಗಿ ಮೆಣಸಿನಕಾಯಿ ಧೂಳು, ಮಳಿ ಎರಡೂ ಸೇರಿ ಸ್ಪೀಕರ್ ಕೋನ್ ಹಾಳ ಮಾಡತಾವು.

ರೊಕ್ಕ ಮೊದಲ ಬಾಗಿಲಿಗೆ ಹಾಕ್ರಿ. ತೆಳು ತಗಡು, ಸ್ಪೀಕರ್ ಜೋಡಿ ಅದೂ ನಡಗತೈತಿ. ಒಳಗ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ನಡುಕ ತಡಿಯೋ ರಬ್ಬರ್ ಹಾಳಿ) ಅಂಟಿಸಿ, ದೊಡ್ಡ ತೂತು ಮುಚ್ಚಸ್ರಿ. ಗ್ಲಾಸ್ ಇಳಿಯೋ ದಾರಿ, ನೀರು ಹೋಗೋ ತೂತು ಮಾತ್ರ ಮುಟ್ಟಬಾರದು. ಇಷ್ಟಕ್ಕನ ಕಂಪನಿ ಸ್ಪೀಕರ್ರೂ ಬ್ಯಾರೆ ಅನಸ್ತಾವು. ಅವಕ್ಕ 80 ಹರ್ಟ್ಜ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನ ಬಾಸ್ ತಡಿಯೋ ಸೆಟ್ಟಿಂಗ್) ಇಡ್ರಿ.

ಲೈಟ್ ಮಂಕಾಗೋದು ವೋಲ್ಟೇಜ್ ಬೀಳೋದ್ರಿಂದ. 500 ವ್ಯಾಟ್ ಆರ್‌ಎಂಎಸ್ (ಸತತ ಕೊಡೋ ತಾಕತ್ತು) ಆಂಪ್ ಅಂದ್ರ 13.8 ವೋಲ್ಟಿಗೆ ಲೆಕ್ಕದಾಗ 36 ಆಂಪಿಯರ್. ಆಂಪ್ ಬಿಸಿಯಾಗಿ ಕಳಕೊಳ್ಳೋದು ಸೇರಿದ್ರ ಇನ್ನೂ ಹೆಚ್ಚು. ಪ್ಯಾಕಿಂಗ್ ಮ್ಯಾಲೆ ಬರದ ಪೀಕ್ (ಒಂದ ಕ್ಷಣದ) ವ್ಯಾಟ್ ಬರೇ ಬಡಾಯಿ. ಅಂಗಡ್ಯಾಂವ ಕ್ಯಾಪಾಸಿಟರ್ (ಕರೆಂಟ್ ಕೂಡಿಟ್ಟು ಒಮ್ಮೆಲೆ ಕೊಡೋ ಡಬ್ಬಿ) ತೋರಸ್ತಾನ, ಅದಕ್ಕೂ ಮುಂಚೆ ವೈರ್ ನೋಡ್ರಿ: 4 ಗೇಜ್, ಅಚ್ಚ ತಾಮ್ರದ್ದು. ತಾಮ್ರ ಬಳದ ಅಲ್ಯೂಮಿನಿಯಂ ಬ್ಯಾಡ. ಗ್ರೌಂಡ್ (ನೆಗೆಟಿವ್) ವೈರ್ ಗಾಡಿ ಬಾಡಿಗೆ ಬಿಗಿಯೋ ಕಡೆ ಪೇಂಟ್ ಪೂರಾ ಕೆರೀಬೇಕು. ಫ್ಯೂಸ್ ಬ್ಯಾಟರಿ ಮಗ್ಗಲದಾಗ ಇರ್ಲಿ, 45 ಸೆಂಟಿಮೀಟರ್ ಒಳಗ. ಫ್ಯೂಸ್ ಬ್ಯಾಡ ಅನ್ನೋ ಫಿಟ್ಟರ್ ಕೈಯಾಗ ಗಾಡಿ ಕೊಡಬ್ಯಾಡ್ರಿ, ಬೆಂಕಿ ಹತ್ತತೈತಿ.

ಈಗ ಯಾವ ಆಂಪ್, ಎಷ್ಟು ದಪ್ಪ ವೈರ್ ಹಾಕೀರಿ ತಿಳಸ್ರಿ, ಮುಂದಿಂದು ಹೇಳ್ತೀನಿ.