ಮನಸ್ಸಿಗೆ ಏನೂ ಅನಿಸದಿದ್ದಾಗಲೂ ಪ್ರಾರ್ಥಿಸುವುದು ಕಪಟವೇ?

ಎರಡು ವರ್ಷಗಳಿಂದ ಪ್ರಾರ್ಥನೆಯಲ್ಲಿ ಮನಸ್ಸಿಗೆ ಏನೂ ಅನಿಸುತ್ತಿಲ್ಲ, ಆದರೂ ಭಾನುವಾರ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗಿ ಬಾಯಿಮಾತಿಗೆ ಪ್ರಾರ್ಥನೆ ಹೇಳಿ ಬರುವುದು ಕಪಟವಲ್ಲವೇ, ಅದಕ್ಕಿಂತ ವಿಶ್ವಾಸವನ್ನು ಬಿಟ್ಟುಬಿಡುವುದೇ ಪ್ರಾಮಾಣಿಕತೆಯಲ್ಲವೇ ಎಂದು ನೀವು ಕೇಳಿದ್ದೀರಿ. ಕಪಟವಲ್ಲ ಎಂದೇ ನನ್ನ ನಂಬಿಕೆ.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ. ಕೆಲವು ವರ್ಷಗಳ ಹಿಂದೆ, ಮಳೆ ಬಿಡುವು ಕೊಡದೆ ಎರಡನೆಯ ಸಲದ ಬೋರ್ಡೋ ಔಷಧಿ ಹೊಡೆಯಲಾಗದೆ, ಕೊಳೆರೋಗಕ್ಕೆ ಕಾಯಿಗಳು ಉದುರುತ್ತಿದ್ದ ದಿನಗಳಲ್ಲೇ ನನ್ನ ತಮ್ಮ ಜ್ವರದಿಂದ ತೀರಿಕೊಂಡ. ಸಂತೈಸಲು ಬಂದವರೊಬ್ಬರು, ನಮ್ಮ ಮನೆಯವರ ವಿಶ್ವಾಸ ಸಾಲದೆ ಹೀಗಾಯಿತೆಂದರು. ಸಾವಿನಷ್ಟೇ ಆ ಮಾತೂ ನನ್ನನ್ನು ದೇವಾಲಯದಿಂದ ದೂರ ತಳ್ಳಿತು. ನಿಮಗೂ ಯಾರಾದರೂ ಹಾಗೆ ಹೇಳಿದ್ದರೆ ಬೈಬಲ್ಲಿನಲ್ಲಿ, ಕಷ್ಟಗಳಿಗೆ ಸಿಕ್ಕಿ ನರಳಿದ ಯೋಬನ ಗ್ರಂಥದ ಕೊನೆಯ ಅಧ್ಯಾಯವನ್ನು ಓದಿ. ಅಲ್ಲಿ ದೇವರ ಕೋಪ ಉರಿಯುವುದು ನಿನ್ನ ಪಾಪದಿಂದಲೇ ನಿನಗೆ ಈ ಕಷ್ಟ ಎಂದು ಯೋಬನಿಗೆ ಹೇಳಿದ ಗೆಳೆಯರ ಮೇಲೆ. ಅಷ್ಟೆಲ್ಲ ದೂರಿದ ಯೋಬನೇ ದೇವರ ವಿಷಯದಲ್ಲಿ ಸರಿಯಾಗಿ ಮಾತಾಡಿದನೆಂದು ಸ್ವತಃ ದೇವರೇ ಹೇಳುತ್ತಾನೆ.

ಇಲ್ಲದ ಭಕ್ತಿಯನ್ನು ಜನರ ಮೆಚ್ಚುಗೆಗಾಗಿ ಪ್ರದರ್ಶಿಸುವುದು ಕಪಟ. ಏನೂ ಅನಿಸದೆಯೂ ದೇವರೆದುರು ಕುಳಿತಿರುವುದು ಬೇರೆಯೇ ಸಂಗತಿ. ಮದರ್ ತೆರೇಸಾ ಅವರು 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಬಳಿಕ ಪ್ರಕಟವಾದ ಅವರ ಪತ್ರಗಳಿಂದ, ಅವರು ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದ ಕತ್ತಲಲ್ಲಿದ್ದುದು ಲೋಕಕ್ಕೆ ತಿಳಿಯಿತು. ಅಷ್ಟು ಕಾಲವೂ ಅವರು ಪ್ರಾರ್ಥನೆಯನ್ನಾಗಲಿ ಬಡವರ ಸೇವೆಯನ್ನಾಗಲಿ ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ನನಗೆ ಮಣಿ ಎಣಿಸುತ್ತಾ ಹೇಳುವ ಜಪಸರ ಪ್ರಾರ್ಥನೆ ಹೇಳಲು ಬಾಯಿ ಬರುತ್ತಿರಲಿಲ್ಲ. ಅಮ್ಮ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದೆ. ಮಾರ್ಕನ ಶುಭಸಂದೇಶದಲ್ಲಿ ನಾಲ್ವರು ಹೊತ್ತು ತಂದು, ಮಾಡು ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಯನ್ನು ಯೇಸು ಕ್ಷಮಿಸಿದ್ದು ‘ಅವರ’ ವಿಶ್ವಾಸವನ್ನು ಕಂಡು, ಎಂದರೆ ಹೊತ್ತು ತಂದವರ ವಿಶ್ವಾಸವನ್ನೂ ಕಂಡು. ಈ ಬಹುವಚನ ನನಗೆ ಅರ್ಥವಾದದ್ದು ಅಮ್ಮನ ಪಕ್ಕದಲ್ಲಿ ಕುಳಿತಿದ್ದಾಗಲೇ. ಆದ್ದರಿಂದ ಒಂಟಿಯಾಗಿ ಹೆಣಗಬೇಡಿ. ನಿಮ್ಮ ಮನಸ್ಸು ಬಲ್ಲ ಒಬ್ಬರಿಗಾದರೂ ಇದನ್ನೆಲ್ಲ ಬಿಚ್ಚಿ ಹೇಳಿ.

ವಿಶ್ವಾಸವನ್ನು ಬಿಡುವ ತೀರ್ಮಾನವನ್ನಂತೂ ಈಗ ಮಾಡಬೇಡಿ. ಮನಸ್ಸು ಬರಡಾದಾಗ ಹಿಂದಿನ ಸಂಕಲ್ಪವನ್ನು ಬದಲಿಸಬಾರದು ಎಂಬುದು ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ ಅವರು 16ನೆಯ ಶತಮಾನದಲ್ಲೇ ಕೊಟ್ಟ ಸಲಹೆ. ನಮ್ಮಲ್ಲೂ ಕೊಳೆ ಬಂದ ವರ್ಷ ಯಾರೂ ತೋಟವನ್ನೇ ಕಡಿದು ಹಾಕುವುದಿಲ್ಲ. ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಗಿಡದಡಿ ಮಲಗಿದ ಬೈಬಲ್ಲಿನ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ನಿಮ್ಮ ಊಟ, ನಿದ್ರೆ ಕೆಟ್ಟಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ, ಬೇಕಾದರೆ ವೈದ್ಯರನ್ನು ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ಪ್ರಾರ್ಥನೆಗೆ ಮಾತು ಸಿಗದಿದ್ದರೆ ಬೈಬಲ್ಲಿನ 88ನೆಯ ಕೀರ್ತನೆಯನ್ನು ತೆರೆಯಿರಿ. ಅದು ಭರವಸೆಗೆ ತಿರುಗದೆ ಕತ್ತಲಲ್ಲೇ ಮುಗಿಯುತ್ತದೆ. ಕಥೋಲಿಕ ಧರ್ಮಸಭೆ ಅದನ್ನು ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ ಇಟ್ಟಿದೆ. ದನಿಯೆತ್ತಿ ಓದಿ, ಅದು ನಿಲ್ಲುವಲ್ಲೇ ನಿಲ್ಲಿಸಿ, ಏನನ್ನೂ ಸೇರಿಸಬೇಡಿ. ತಮ್ಮನ ವಿಷಯದಲ್ಲಿ ನನಗಿನ್ನೂ ಉತ್ತರ ಸಿಕ್ಕಿಲ್ಲ. ಶುಕ್ರವಾರಗಳಂದು ನಾನು ಇಂದಿಗೂ ಅದನ್ನು ಓದುತ್ತೇನೆ.