ಕರಿಜಾಲಿಯ ಫಲಕದಲ್ಲಿ ಯಾವ ಹೆಸರು ಬರೆಸಲಿ?

ಪ್ರಶ್ನೆ: ನಮ್ಮ ಶಾಲೆಯ ಆವರಣದ ಮರಗಳಿಗೆ ಹೆಸರಿನ ಫಲಕ ಹಾಕಿಸುತ್ತಿದ್ದೇವೆ. ಕರಿಜಾಲಿಗೆ ಹಳೆಯ ಪುಸ್ತಕದಲ್ಲಿ ‘ಅಕೇಶಿಯಾ ನಿಲೋಟಿಕಾ’ ಎಂದಿದೆ. ಮೊಬೈಲಿನಲ್ಲಿ ಹುಡುಕಿದರೆ ‘ವ್ಯಾಚೆಲಿಯಾ ನಿಲೋಟಿಕಾ’ ಎಂದು ಬರುತ್ತದೆ. ಊರಿಗೊಂದು ಹೆಸರು ಆಗಬಾರದು ಅಂತಲೇ ಅಲ್ಲವೇ ಲ್ಯಾಟಿನ್ ಹೆಸರು ಇಟ್ಟಿದ್ದು? ಅದೂ ಬದಲಾದರೆ ಹೇಗೆ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ವ್ಯಾಚೆಲಿಯಾ ಎಂದೇ ಬರೆಸಿ. ಪೇಂಟರ್ ಬಾಗಿಲಲ್ಲಿ ಕಾಯುತ್ತಿದ್ದರೆ ಇಷ್ಟು ಸಾಕು. ಪುರುಸೊತ್ತಿದ್ದರೆ ಮುಂದೆ ಓದಿ, ಇದರ ಹಿಂದೆ ಒಂದು ಪಾಲುಪಟ್ಟಿಯ ಜಗಳವೇ ಇದೆ.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ ಇಟ್ಟ ಹೆಸರು ಇವೆರಡೂ ಅಲ್ಲ. ಆತ ಇದನ್ನು ‘ಮಿಮೋಸಾ ನಿಲೋಟಿಕಾ’ ಎಂದು ಕರೆದು, ಮುಟ್ಟಿದರೆ ಮುನಿ ಗಿಡದ ಕುಲಕ್ಕೆ ಸೇರಿಸಿದ್ದ. 1813ರಲ್ಲಿ ಅದು ಅಕೇಶಿಯಾ ಕುಲಕ್ಕೆ ಬಂತು, 2008ರಲ್ಲಿ ವ್ಯಾಚೆಲಿಯಾಕ್ಕೆ ಹೋಯಿತು. ಮೂರು ಮನೆ ಕಂಡರೂ ‘ನಿಲೋಟಿಕಾ’, ಅಂದರೆ ನೈಲ್ ನದಿಯ ಕಡೆಯದು ಎಂಬ ಪದ ಮಾತ್ರ 270 ವರ್ಷ ಕದಲಿಲ್ಲ. ಹಳೆಯ ಪುಸ್ತಕದಲ್ಲಿ ಗಿಡ ಹುಡುಕುವವರು ಹಿಡಿಯಬೇಕಾದದ್ದು ಈ ಎರಡನೆಯ ಪದವನ್ನೇ. ಮೊದಲ ಪದ ಕುಲದ್ದು, ನೆಂಟಸ್ತಿಕೆಯ ಲೆಕ್ಕ ಬದಲಾದಾಗ ಅದೂ ಬದಲಾಗುತ್ತದೆ.

ಇಲ್ಲಿ ಆಗಿದ್ದೂ ಅದೇ. ಅಕೇಶಿಯಾ ಎಂದರೆ ಒಂದು ಕಾಲಕ್ಕೆ 1,300ಕ್ಕೂ ಹೆಚ್ಚು ಪ್ರಭೇದಗಳ ಅವಿಭಕ್ತ ಕುಟುಂಬ. ಡಿಎನ್ಎ ಹೋಲಿಸಿ ನೋಡಿದಾಗ ಅದು ಒಂದೇ ವಂಶವಲ್ಲ ಎಂಬುದು ಖಚಿತವಾಯಿತು. ಆಸ್ಟ್ರೇಲಿಯದ ಸುಮಾರು ಸಾವಿರ ಪ್ರಭೇದಗಳು ನಮ್ಮ ಜಾಲಿಗಿಂತ ಬಾಗೆ, ಮಳೆಮರಗಳ ಕಡೆಗೇ ಹತ್ತಿರ. ಜೋಡಿ ನೇರ ಮುಳ್ಳಿನ ಕರಿಜಾಲಿ, ಬಿಳಿಜಾಲಿಗಳದು ಒಂದು ಗುಂಪು, ಅದೇ ಈಗಿನ ವ್ಯಾಚೆಲಿಯಾ. ಕೊಕ್ಕೆ ಮುಳ್ಳಿನ ಸೀಗೆ, ಕಾಚಿನ ಮರಗಳದು ಇನ್ನೊಂದು, ಅದೀಗ ಸೆನೆಗಾಲಿಯಾ.

ಸರಿ, ಮನೆ ಒಡೆಯಿತು. ಹಳೆಯ ಹೆಸರು ಯಾರ ಪಾಲಿಗೆ? ಸಸ್ಯಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದವಿರುತ್ತದೆ, ಅದು ಎಲ್ಲಿ ಉಳಿಯುತ್ತದೋ ಹೆಸರೂ ಅಲ್ಲೇ. ಪಾಲಾದಾಗ ದೇವರ ಪೆಟ್ಟಿಗೆ ಹಿರಿಯನ ಮನೆಗೆ ಹೋದ ಹಾಗೆ. ಅಕೇಶಿಯಾಕ್ಕೆ ಆ ಹಿರಿಯ ನಿಮ್ಮ ಶಾಲೆಯ ಕರಿಜಾಲಿಯೇ! ನಿಯಮದಂತೆ ನಡೆದಿದ್ದರೆ ನಿಮ್ಮ ಹಳೆಯ ಪುಸ್ತಕ ಗೆಲ್ಲಬೇಕಿತ್ತು.

ಆದರೆ ಆಗ ಆಸ್ಟ್ರೇಲಿಯದ ಸಾವಿರ ಗಿಡಗಳ ಹೆಸರು ತಿದ್ದಬೇಕಾಗುತ್ತಿತ್ತು. ಅದನ್ನು ತಪ್ಪಿಸಲು, ಮಾದರಿಯನ್ನೇ ಬದಲಿಸಿ ಆಸ್ಟ್ರೇಲಿಯದ ಒಂದು ಪ್ರಭೇದವನ್ನು ಕೂರಿಸೋಣ ಎಂದು 2003ರಲ್ಲಿ ಪ್ರಸ್ತಾವ ಬಂತು. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮಾವೇಶದಲ್ಲಿ ಸುಮಾರು ಶೇ 55ರಷ್ಟು ಮತ ಅದರ ವಿರುದ್ಧವೇ ಬಿದ್ದವು. ಆದರೆ ಪ್ರಸ್ತಾವವನ್ನು ಒಪ್ಪಬಹುದೆಂದು ತಜ್ಞರ ಸಮಿತಿ ಮೊದಲೇ ಶಿಫಾರಸು ಮಾಡಿತ್ತು; ಅದನ್ನು ತಳ್ಳಿಹಾಕಲು ಶೇ 60 ಬೇಕಿದ್ದರಿಂದ ಪ್ರಸ್ತಾವ ಉಳಿದುಕೊಂಡಿತು. ತಮ್ಮ ಮುಳ್ಳುಮರಗಳೂ ಅಕೇಶಿಯಾ ಹೆಸರು ಕಳೆದುಕೊಂಡದ್ದಕ್ಕೆ ಆಫ್ರಿಕದವರು ಸಿಟ್ಟಾದರು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೆ ಚರ್ಚೆಯಾಗಿ ಅದೇ ನಿರ್ಧಾರ ಗಟ್ಟಿಯಾಯಿತು. ಹೆಚ್ಚು ಜನ ಬೇಡವೆಂದದ್ದು ಊರ್ಜಿತವಾದ ಈ ಬಗೆ ನನಗಿನ್ನೂ ಒಪ್ಪಿಗೆಯಿಲ್ಲ. ಆದರೂ ಬರೆಯುವಾಗ ವ್ಯಾಚೆಲಿಯಾ ಎಂದೇ ಬರೆಯುತ್ತೇನೆ, ಇಲ್ಲದಿದ್ದರೆ ಓದುವವರಿಗೆ ಗೊಂದಲ.

ತಮಾಷೆ ನೋಡಿ, ‘ಅಕೇಶಿಯಾ’ ಗ್ರೀಕ್ ಮೂಲದ ಪದ, ಮುಳ್ಳಿನ ಮೊನೆ ಎಂಬರ್ಥದ್ದೆನ್ನುತ್ತಾರೆ. ಆ ಹೆಸರು ಈಗ ನಮ್ಮ ಮುಳ್ಳುಜಾಲಿಗಿಲ್ಲ. ಮಲೆನಾಡಿನಲ್ಲಿ ಅರಣ್ಯ ಇಲಾಖೆ ಬೆಳೆಸಿದ, ಮುಳ್ಳೇ ಇಲ್ಲದ, ತೊಟ್ಟೇ ಅಗಲವಾಗಿ ಎಲೆಯಂತೆ ಕಾಣುವ ಆ ನೆಡುತೋಪಿನ ಮರಕ್ಕಿದೆ. ಅಲ್ಲಿಯ ಜನ ಬೈದುಕೊಂಡೇ ‘ಅಕೇಶಿಯಾ’ ಅನ್ನುತ್ತಿದ್ದದ್ದು ಸಂಹಿತೆಯ ಪ್ರಕಾರವೂ ಸರಿಯಾಯಿತು. ಇತ್ತ ವ್ಯಾಚೆಲಿಯಾ ಹೆಸರು ಚೀನಾದ ಕಡೆ ಗಿಡ ಸಂಗ್ರಹಿಸುತ್ತಿದ್ದ ಪಾದ್ರಿ ವ್ಯಾಚೆಲ್‌ರದು. ಅದನ್ನು 1834ರಲ್ಲಿ ಇಟ್ಟವರು ದಕ್ಷಿಣ ಭಾರತದ ಸಸ್ಯಗಳನ್ನು ಪಟ್ಟಿಮಾಡುತ್ತಿದ್ದ ವೈಟ್ ಮತ್ತು ಆರ್ನಟ್.

ಫಲಕದಲ್ಲಿ ಮೇಲೆ ದೊಡ್ಡದಾಗಿ ‘ಕರಿಜಾಲಿ, ಗೊಬ್ಬಳಿ’ ಇರಲಿ. ಕೆಳಗೆ ಲ್ಯಾಟಿನ್ ಹೆಸರು ಓರೆ ಅಕ್ಷರದಲ್ಲಿ; ರೋಮನ್ ಲಿಪಿಯಲ್ಲಾದರೆ ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ಅದರ ಕೆಳಗೆ ಸಣ್ಣದಾಗಿ ‘ಹಿಂದೆ: ಅಕೇಶಿಯಾ ನಿಲೋಟಿಕಾ’ ಎಂದು ಸೇರಿಸಿ, ಹಳೆಯ ಪುಸ್ತಕ ಓದಿದ ಮಕ್ಕಳಿಗೆ ಕೊಂಡಿ ಸಿಗುತ್ತದೆ. ಬಳ್ಳಾರಿ ಜಾಲಿ ಇದ್ದರೆ ಅದು ಜಾಲಿಯೇ ಅಲ್ಲ; ಪ್ರೊಸೋಪಿಸ್ ಆಗಿದ್ದದ್ದು 2022ರಲ್ಲಿ ನೆಲ್ಟುಮಾ ಆಗಿದೆ. ಬನ್ನಿಮರಕ್ಕೆ ಮಾತ್ರ ಅವಸರ ಬೇಡ. ನಮ್ಮಲ್ಲಿ ಎರಡು ಬೇರೆ ಮರಗಳಿಗೆ ಬನ್ನಿ ಅನ್ನುತ್ತಾರೆ. ಕಾಯಿ ಬಿಡುವವರೆಗೆ ಕಾಯಿರಿ: ದುಂಡಗೆ, ತೆಳ್ಳಗೆ, ಒಳಗೆ ಸಿಹಿ ತಿರುಳಿದ್ದರೆ ಪ್ರೊಸೋಪಿಸ್ ಸಿನೆರೇರಿಯಾ; ಚಪ್ಪಟೆ, ಒಣ ಕಾಯಿಯಾದರೆ ಸೆನೆಗಾಲಿಯಾ ಫೆರುಜೀನಿಯಾ.