ಪ್ರ: ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಸಂಶೋಧನೆ ಎಲ್ಲ ಅಮೆರಿಕದಲ್ಲೇ ನಡೆದಿದ್ದಾ?
ಇಲ್ಲ ಸರ್, ಅಲ್ಲಿ ಇದ್ದಿದ್ದು ಕೆಲವೇ ವರ್ಷ. ಅಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ಪಿಎಚ್‌ಡಿ ಮುಗಿಸಿ, ಸ್ವಲ್ಪ ಕಾಲ ಬರ್ಕ್ಲಿಯಲ್ಲಿದ್ದು, 1959ರಲ್ಲೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ) ಲೆಕ್ಚರರ್ ಆಗಿ ವಾಪಸ್ ಬಂದರು. 1963ರಲ್ಲಿ ಕಾನ್ಪುರ ಐಐಟಿಗೆ ಹೋದರು.

ನನ್ನ ಪ್ರಕಾರ ದೊಡ್ಡ ತಿರುವು 1976. ಆಗ ಮತ್ತೆ ಬೆಂಗಳೂರಿನ ಅದೇ ಸಂಸ್ಥೆಗೆ ಬಂದು, ಘನವಸ್ತುಗಳ ರಸಾಯನಶಾಸ್ತ್ರಕ್ಕೇ ಅಂತ ಒಂದು ವಿಭಾಗ ಕಟ್ಟಿದರು. ಅವರ ಮುಖ್ಯ ಕೆಲಸ ಲೋಹದ ಆಕ್ಸೈಡ್‌ಗಳ (ಲೋಹ ಮತ್ತು ಆಮ್ಲಜನಕ ಸೇರಿದ ವಸ್ತುಗಳ) ಮೇಲೆ: ಒಳಗಿನ ಪರಮಾಣುಗಳ ಜೋಡಣೆ ಸ್ವಲ್ಪ ಬದಲಾದರೂ ಅದೇ ವಸ್ತು ವಿದ್ಯುತ್ ಹರಿಸುವ ರೀತಿ, ಕಾಂತಗುಣ ಎಲ್ಲ ಬದಲಾಗಬಹುದು, ಅದು ಯಾಕೆ ಅನ್ನೋದೇ ಪ್ರಶ್ನೆ. 1986ರ ನಂತರ ಹೊಸ ಸೂಪರ್‌ಕಂಡಕ್ಟರ್‌ಗಳ (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುಗಳ) ಗದ್ದಲ ಎದ್ದಾಗ, ಅವೂ ಲೋಹದ ಆಕ್ಸೈಡ್‌ಗಳೇ ಆಗಿದ್ದರಿಂದ ಇದೇ ಅನುಭವ ಕೈಹಿಡಿಯಿತು. 2014ರಲ್ಲಿ ಭಾರತರತ್ನ, ಸಚಿನ್ ಜೊತೆಗೇ. ಪೇಪರ್‌ಗಳಲ್ಲಿ ಸಚಿನ್ ಫೋಟೋನೇ ದೊಡ್ಡದಿತ್ತು, ಅದು ಬಿಡಿ!